ಒಂದೇ ಬೆರಳಿನ ಗೇಮುಗಳು ಯಾಕೆ ಕೈಬಿಡಲ್ಲ? ಲೆಕ್ಕದ ಸಮೇತ ಮಾತಾಡೋಣ

ಬೆರಳತುದಿ

ತಟ್ಟಿದರೆ ಹಾರುತ್ತೆ, ಬಿಟ್ಟರೆ ಬೀಳುತ್ತೆ. ಇಷ್ಟೇ ನಿಯಮ. ಕಥೆಯಿಲ್ಲ, ಲೆವೆಲ್ಲಿಲ್ಲ, ಎದುರಾಳಿಯಿಲ್ಲ. ಆದರೂ ಐದು ನಿಮಿಷಕ್ಕೆ ಅಂತ ತೆರೆದವರು ಮುಕ್ಕಾಲು ಗಂಟೆಯಾದರೂ ಫೋನ್ ಕೆಳಗಿಡಲ್ಲ.

ವಿಯೆಟ್ನಾಮಿನ ಡಾಂಗ್ ನುಯೆನ್ ಒಬ್ಬರೇ ಕೂತು ಮಾಡಿದ ಫ್ಲಾಪಿ ಬರ್ಡ್ ನೆನಪಿರಬೇಕು: ಪೈಪುಗಳ ನಡುವಿನ ಸಂದಿಯಲ್ಲಿ ಹಕ್ಕಿಯನ್ನು ಹಾರಿಸಬೇಕು, ದಾಟಿದ ಪೈಪಿಗೊಂದು ಅಂಕ. 2013ರ ಮೇ ತಿಂಗಳಲ್ಲಿ ಬಂತು, ತಿಂಗಳುಗಟ್ಟಲೆ ಯಾರೂ ಕೇಳಲಿಲ್ಲ. 2014ರ ಜನವರಿಯಲ್ಲಿ ಆಪ್ ಸ್ಟೋರಿನ ಉಚಿತ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಜಾಹೀರಾತಿನಿಂದಲೇ ದಿನಕ್ಕೆ 50,000 ಡಾಲರ್ ಬರುತ್ತಿದೆ ಅಂತ ವರದಿಯಾಗಿದ್ದ ಹೊತ್ತಿನಲ್ಲೇ, ಫೆಬ್ರವರಿಯಲ್ಲಿ, ಅವರೇ ಅದನ್ನು ಅಂಗಡಿಯಿಂದ ತೆಗೆದರು. ಜನಕ್ಕೆ ಚಟ ಹತ್ತಿತು ಅನ್ನೋದೇ ಅವರು ಕೊಟ್ಟ ಕಾರಣ.

ಇಲ್ಲಿ ಗೇಮು ಬರೆಯೋರೂ ಇದ್ದೀರಿ, ಮನಶ್ಶಾಸ್ತ್ರ ಓದಿದವರೂ ಇದ್ದೀರಿ. ಮಿದುಳಿನ ರಾಸಾಯನಿಕ "ಡೋಪಮೈನ್" ಅಂತ ಒಂದು ಪದ ಎಸೆದು ಹೋಗಬೇಡಿ. ಇದರಲ್ಲಿ ನಿಜಕ್ಕೂ ಪರೀಕ್ಷೆಗೆ ಬೀಳೋದು ಯಾವ ಶಕ್ತಿ? ಸ್ಕೋರು 4, 31, 7, 2, 58 ಅಂತ ಹುಚ್ಚಾಪಟ್ಟೆ ಏರಿಳಿಯೋದು ಯಾಕೆ? ನಿಲ್ಲಿಸೋಕೆ ಕೆಲಸ ಮಾಡುವ ದಾರಿ ಯಾವುದು?

ಫ್ರೇಮ್‌ಗಾರ

ಮೊದಲನೆಯದಕ್ಕೆ ಉತ್ತರ: ಚುರುಕು ಅಲ್ಲ, ಅಂದಾಜು.

ಕ್ರೋಮ್ ಬ್ರೌಸರಿನಲ್ಲಿ ನೆಟ್ ಇಲ್ಲದಾಗ ಬರುವ ಡೈನೋಸಾರ್ ಗೇಮಿನ ಕೋಡು ಎಲ್ಲರಿಗೂ ತೆರೆದಿದೆ, ಅದನ್ನೇ ಬಿಚ್ಚೋಣ. ಮೈದಾನದ ಅಗಲ 600 ಪಿಕ್ಸೆಲ್. ಶುರುವಿನ ವೇಗ ಫ್ರೇಮಿಗೆ (ಪರದೆ ಮೇಲೆ ಮೂಡುವ ಒಂದೊಂದು ಚಿತ್ರಕ್ಕೆ) 6 ಪಿಕ್ಸೆಲ್, ಗರಿಷ್ಠ 13. ಪ್ರತಿ ಫ್ರೇಮಿಗೆ 0.001 ಸೇರುತ್ತಾ ಹೋಗುತ್ತೆ. 6ರಿಂದ 13ಕ್ಕೆ 7000 ಫ್ರೇಮು, ಸೆಕೆಂಡಿಗೆ 60ರ ಲೆಕ್ಕದಲ್ಲಿ ಎರಡು ನಿಮಿಷಕ್ಕೆ ಚೂರು ಕಡಿಮೆ. ಅದಾದ ಮೇಲೆ ವೇಗ ಏರೋದೇ ಇಲ್ಲ.

ಡೈನೋ ಜಿಗಿದು ದಾಟಬೇಕಾದ ಕಳ್ಳಿಗಿಡ ಬಲತುದಿಯಲ್ಲಿ ಕಾಣಿಸಿಕೊಂಡು ಅದರ ಮೂಗಿಗೆ ಬರೋಕೆ ಸುಮಾರು 500 ಪಿಕ್ಸೆಲ್ ದೂರ. ಶುರುವಲ್ಲಿ 83 ಫ್ರೇಮು, ಅಂದರೆ 1.4 ಸೆಕೆಂಡ್. ಗರಿಷ್ಠ ವೇಗದಲ್ಲೂ 38 ಫ್ರೇಮು, 0.64 ಸೆಕೆಂಡ್. ದೀಪ ಹತ್ತಿದ ಕೂಡಲೇ ಗುಂಡಿ ಒತ್ತು ಅಂದರೆ ಆರೋಗ್ಯವಂತ ವಯಸ್ಕರಿಗೆ 200ರಿಂದ 250 ಮಿಲಿಸೆಕೆಂಡ್ ಸಾಕು. ಅಂದರೆ ಅತಿ ಕಷ್ಟದ ಹೊತ್ತಿನಲ್ಲೂ ಬೇಕಾದ್ದರ ಎರಡೂವರೆ ಪಟ್ಟು ಸಮಯ ಕೈಯಲ್ಲಿರುತ್ತೆ. ಸಾಯೋದು ತಡವಾಗಿ ನೋಡಿದ್ದಕ್ಕಲ್ಲ, ನೋಡಿ ಆದಮೇಲೆ ತಪ್ಪು ಕ್ಷಣದಲ್ಲಿ ತಟ್ಟಿದ್ದಕ್ಕೆ. ಫ್ಲಾಪಿಯಲ್ಲೂ ಅಷ್ಟೇ, ಪೈಪು ದಿಢೀರ್ ಅಂತ ಪ್ರತ್ಯಕ್ಷ ಆಗಲ್ಲ.

ತಟ್ಟಿನೋಡು

ಎಲ್ಲಾ ಗೇಮೂ ಹಾಗಲ್ಲ ಗುರು. ಪಿಯಾನೊ ಟೈಲ್ಸ್ ಥರದವು? ಪಕ್ಕಪಕ್ಕ ನಾಲ್ಕು ಪಟ್ಟಿ, ಯಾವುದರಲ್ಲಿ ಕಪ್ಪು ಹಲಗೆ ಬರುತ್ತೋ ಅಲ್ಲೇ ಬೆರಳು ಇಡಬೇಕು.

ಫ್ರೇಮ್‌ಗಾರ

ಒಪ್ಪಿದೆ, ಅದು ಬೇರೆ ಜಾತಿ. ಅಲ್ಲಿ ಆಯ್ಕೆ ಇದೆ. ಆಯ್ಕೆ ಹೆಚ್ಚಿದಷ್ಟೂ ಪ್ರತಿಕ್ರಿಯೆ ನಿಧಾನ ಆಗುತ್ತೆ, ಆದರೆ ಆಯ್ಕೆಯ ಲಾಗರಿದಮ್ಮಿಗೆ ತಕ್ಕಂತೆ: ಎರಡರಿಂದ ನಾಲ್ಕಾದರೆ ಎಷ್ಟು ಏರುತ್ತೋ ನಾಲ್ಕರಿಂದ ಎಂಟಾದಾಗಲೂ ಹೆಚ್ಚುಕಡಿಮೆ ಅಷ್ಟೇ. 1952ರಲ್ಲಿ ಹಿಕ್ ಎಂಬುವರು ತೋರಿಸಿದ ನಿಯಮ ಇದು. ಆದರೂ ಮುಂದಿನ ಮೂರು ಸಾಲು ಪರದೆ ಮೇಲೆ ಕಾಣ್ತಾನೇ ಇರುತ್ತೆ ನೋಡಿ. ಪಳಗಿದವರು ಕೊನೇ ಸಾಲನ್ನು ನೋಡಲ್ಲ, ಎರಡು ಸಾಲು ಮೇಲೆ ಕಣ್ಣಿಟ್ಟು ಬೆರಳನ್ನು ಹಿಂದಿಂದ ಓಡಿಸುತ್ತಾರೆ. ಅಲ್ಲೂ ಕೊನೆಗೆ ಅಂದಾಜೇ ಗೆಲ್ಲೋದು.

ಎಣಿಕೆಮಣಿ

ಎರಡನೇ ಪ್ರಶ್ನೆ ನನಗೆ ಬಿಡಿ. ಸ್ವಲ್ಪ ಉದ್ದ ಆಗುತ್ತೆ.

ಒಂದು ಪೈಪನ್ನು ದಾಟುವ ಸಾಧ್ಯತೆ 95% ಅಂತ ಇಟ್ಟುಕೊಳ್ಳಿ, ಪ್ರತಿ ಪೈಪಿಗೂ ಅಷ್ಟೇ. ಆಟಗಾರ ಒಂಚೂರೂ ಬದಲಾಗಲ್ಲ, ಸುಸ್ತಾಗಲ್ಲ, ಕಲಿಯೋದೂ ಇಲ್ಲ. ಆಗ ಸರಾಸರಿ ಸ್ಕೋರು 0.95 ಭಾಗಿಸು 0.05, ಅಂದರೆ 19. ಆದರೆ ಮಧ್ಯಾಂಕ 13. ಅರ್ಧದಷ್ಟು ಆಟ 13 ಅಥವಾ ಅದರೊಳಗೇ ಮುಗಿಯುತ್ತೆ, ಇಪ್ಪತ್ತರಲ್ಲಿ ಒಂದು ಮೊದಲ ಪೈಪಿಗೇ ಬಡಿಯುತ್ತೆ, ಸುಮಾರು ಹದಿಮೂರರಲ್ಲಿ ಒಂದು 50 ಮುಟ್ಟುತ್ತೆ. ಬೆರಳತುದಿಯವರು ಬರೆದ 4, 31, 7, 2, 58 ಇದೆಯಲ್ಲ, ಅದಕ್ಕೆ "ಇವತ್ತು ಫಾರ್ಮಲ್ಲಿಲ್ಲ" ಅನ್ನೋ ಕಾರಣ ಬೇಕಾಗಿಲ್ಲ. ಒಂದೇ ಕೌಶಲ, ಒಂದೇ ಮನಸ್ಥಿತಿ, ಆದರೂ ಇಷ್ಟು ಚೆಲ್ಲಾಪಿಲ್ಲಿ. ಗೇಮಿನ ಆಕಾರವೇ ಹಾಗೆ: ಒಂದು ತಪ್ಪಿಗೆ ಆಟವೇ ಮುಗಿಯೋದರಿಂದ ಸಣ್ಣ ಏರುಪೇರೂ ದೊಡ್ಡದಾಗಿ ಕಾಣುತ್ತೆ.

ಈಗ "ಬೆಸ್ಟ್" ಸ್ಕೋರಿಗೆ ಬನ್ನಿ. ಅದೇ 95% ಆಟಗಾರನ ಬೆಸ್ಟ್ 10 ಆಟ ಆದಮೇಲೆ ಸರಾಸರಿ 57ರ ಆಸುಪಾಸು ಇರುತ್ತೆ. 100 ಆಟಕ್ಕೆ 100. 1000 ಆಟಕ್ಕೆ 145. ನಯಾಪೈಸೆ ಕಲಿಯದೆ! ಹತ್ತು ಪಟ್ಟು ಆಡಿದರೆ ಸುಮಾರು 45 ಏರುತ್ತೆ, ಅಷ್ಟೇ. ಪರದೆಯ ಮೇಲೆ ದೊಡ್ಡದಾಗಿ ತೋರಿಸುವ ಈ ಒಂದು ಅಂಕಿ ಯಾವತ್ತೂ ಇಳಿಯಲ್ಲ, ಆಗಾಗ ಏರುತ್ತೆ, ನೋಡಿದವರಿಗೆ "ನಾನು ಸುಧಾರಿಸ್ತಾ ಇದೀನಿ" ಅನ್ನಿಸುತ್ತೆ. ನನ್ನ ಪ್ರಕಾರ ಈ ಗೇಮುಗಳ ಅಸಲಿ ಗಾಳ ಇದೇ. ಬಣ್ಣ, ಸದ್ದು, ಹಕ್ಕಿಯ ಮುಖ ಎಲ್ಲ ಆಮೇಲಿನ ಮಾತು.

ಸುಧಾರಣೆ ಆಗಿದೆಯಾ ಅಂತ ನಿಜವಾಗಿ ನೋಡಬೇಕಾದರೆ: 20 ಆಟ ಆಡಿ, ದಾಟಿದ ಪೈಪೆಲ್ಲ ಕೂಡಿಸಿ. ಮೊತ್ತ 380 ಬಂತು ಅನ್ನಿ. ಅದಕ್ಕೆ ಸತ್ತ ಸಲ 20 ಸೇರಿಸಿದರೆ 400. 380 ಭಾಗಿಸು 400 ಅಂದರೆ 0.95. ಒಂದು ವಾರ ಬಿಟ್ಟು ಇನ್ನೊಂದು 20 ಆಡಿ ಹೋಲಿಸಿ. 20 ಆಟಕ್ಕೂ ತುಸು ಆಚೀಚೆ ಇದ್ದೇ ಇರುತ್ತೆ, 0.95 ಇದ್ದದ್ದು 0.955 ಆಯ್ತು ಅಂತ ಕುಣಿಯಬೇಡಿ.

ತಟ್ಟಿನೋಡು

ಹಾಗಾದರೆ ಕಲಿಯೋದೇ ಇಲ್ವಾ? ಶುರುವಲ್ಲಿ 3 ದಾಟದವರು ತಿಂಗಳಲ್ಲಿ ನೂರು ದಾಟ್ತಾರಲ್ಲ.

ಎಣಿಕೆಮಣಿ

ಕಲಿಯುತ್ತಾರೆ, ಅದೂ ಭಯಂಕರ ಲಾಭದ ಕಲಿಕೆ. ಸರಿಯಾದ ಕ್ಷಣದ ಆಚೀಚೆ 50 ಮಿಲಿಸೆಕೆಂಡಿನೊಳಗೆ ತಟ್ಟಿದರೆ ಬದುಕು, ತಪ್ಪಿದರೆ ಸಾವು ಅಂತ ಒಂದು ಮಾದರಿ ಹಾಕಿ. ಬೆರಳು ಚೆದುರುವ ಪ್ರಮಾಣ, ಶಾಲೆಯಲ್ಲಿ ಕಲಿತ ಪ್ರಮಾಣ ವಿಚಲನೆ, 30 ಮಿಲಿಸೆಕೆಂಡ್ ಇದ್ದರೆ ಪ್ರತಿ ಸಲ ಬದುಕುವ ಸಾಧ್ಯತೆ 90.4%, ಸರಾಸರಿ ಸ್ಕೋರು 9ರ ಮೇಲೆ. 25ಕ್ಕೆ ಇಳಿದರೆ 95.4%, ಸ್ಕೋರು 21. 20ಕ್ಕೆ ಇಳಿದರೆ 98.8%, ಸ್ಕೋರು 80ರ ಹತ್ತಿರ.

ಬೆರಳು ಬರೀ 5 ಮಿಲಿಸೆಕೆಂಡ್ ಪಳಗಿದ್ದಕ್ಕೆ ಸ್ಕೋರು ನಾಲ್ಕು ಪಟ್ಟು. ಬೇರೆ ಯಾವ ಹವ್ಯಾಸ ಇಷ್ಟು ಧಾರಾಳವಾಗಿ ಬಡ್ಡಿ ಕೊಡುತ್ತೆ ಹೇಳಿ. ಇದೇ ಲೆಕ್ಕ ತಿರುಗುಮುರುಗಾಗಿಯೂ ನಡೆಯುತ್ತೆ. ನಿದ್ದೆಗೆಟ್ಟು ಬೆರಳು 5 ಮಿಲಿಸೆಕೆಂಡ್ ಹೆಚ್ಚು ಚೆದುರಿದರೆ 21 ಇದ್ದದ್ದು ಅರ್ಧಕ್ಕಿಂತ ಕೆಳಗೆ. ಮಧ್ಯರಾತ್ರಿ "ಇನ್ನೊಂದು ಒಳ್ಳೇ ಆಟ ಆಡಿ ಮಲಗ್ತೀನಿ" ಅಂದವರಿಗೆ ಆ ಒಳ್ಳೇ ಆಟ ಬರೋದೇ ಇಲ್ಲ ಯಾಕೆ ಅಂತ ಗೊತ್ತಾಯ್ತಲ್ಲ.

ಹಗಲುಗನಸು

ಎಣಿಕೆಮಣಿ ಸಾರ್ ಹೇಳಿದ ಚೆಲ್ಲಾಪಿಲ್ಲಿಗೆ ಮನಶ್ಶಾಸ್ತ್ರದಲ್ಲಿ ಹಳೇ ನೆಂಟಸ್ತಿಕೆ ಇದೆ. ಫೆರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಎಷ್ಟನೇ ಕುಟುಕಿಗೆ ಕಾಳು ಬೀಳುತ್ತೆ ಅಂತ ಗೊತ್ತಿಲ್ಲದ ಪಾರಿವಾಳಗಳು ಬಿಡುವಿಲ್ಲದೆ ಕುಟುಕುತ್ತಿದ್ದವು. ಲೆಕ್ಕವಾಗಿ ಇಷ್ಟು ಕುಟುಕಿಗೊಂದು ಕಾಳು ಅಂತಿದ್ದಾಗ ಕಾಳು ಸಿಕ್ಕ ಮೇಲೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದವು. ಆ ವಿರಾಮವೇ ಇಲ್ಲಿ ಮಾಯ.

ಡೋಪಮೈನ್ ಬೇಡ ಅಂದಿದ್ದೀರಿ, ಒಂದೇ ಸಾಲು ಹೇಳಿಬಿಡ್ತೀನಿ. ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿದ್ದು ಡೋಪಮೈನ್ ನರಕೋಶಗಳು ಬಹುಮಾನಕ್ಕೇ ಮಿಡಿಯಲ್ಲ, ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸಕ್ಕೆ ಮಿಡಿಯುತ್ತವೆ ಅಂತ. 13 ನಿರೀಕ್ಷೆ ಇದ್ದವರಿಗೆ 58 ಬಂದರೆ ವ್ಯತ್ಯಾಸ ದೊಡ್ಡದು. ಮುಗೀತು.

ಅದಕ್ಕಿಂತ ನನಗೆ ಮುಖ್ಯ ಅನ್ನಿಸೋದು ತಪ್ಪು ಯಾರದ್ದು ಅನ್ನೋ ಪ್ರಶ್ನೆ. ಜೂಜಿನ ಯಂತ್ರದಲ್ಲಿ ಸೋತರೆ ಯಂತ್ರವನ್ನು ಬೈಯಬಹುದು, ತಂಡದ ಆಟದಲ್ಲಿ ಜೊತೆಯವರನ್ನು ಬೈಯಬಹುದು. ಇಲ್ಲಿ ಬೈಯೋಕೆ ಯಾರೂ ಇಲ್ಲ. ನಿಯಮ ಒಂದೇ, ಗುಂಡಿ ಒಂದೇ, ತಡವಾಗಿ ತಟ್ಟಿದ್ದು ಕಣ್ಣಿಗೇ ಕಾಣುತ್ತೆ. "ನನ್ನದೇ ತಪ್ಪು, ಗೊತ್ತಾಯ್ತು, ಸರಿಮಾಡ್ಕೋತೀನಿ" ಅನ್ನೋ ಮೂರು ಮಾತು ಒಂದೇ ಸೆಕೆಂಡಲ್ಲಿ ಮನಸ್ಸಲ್ಲಿ ಹಾದುಹೋಗುತ್ತೆ, ಆ ಸೆಕೆಂಡಿನೊಳಗೇ ಮತ್ತೆ ಆಡು ಗುಂಡಿ ಎದುರಿಗಿರುತ್ತೆ.

ಇನ್ನೊಂದು, ಕೂದಲೆಳೆಯಲ್ಲಿ ತಪ್ಪಿದ್ದು. ಬೆಸ್ಟ್ 50, ಸತ್ತದ್ದು 49ರಲ್ಲಿ. ಜೂಜಾಟದ ಮೇಲಿನ ಅಧ್ಯಯನಗಳಲ್ಲಿ ಇಂಥ ಸೋಲು ಆಟಗಾರರನ್ನು ಇನ್ನಷ್ಟು ಆಡುವಂತೆ ಮಾಡೋದು ಕಂಡಿದೆ.

ಎಣಿಕೆಮಣಿ

ಹಗಲುಗನಸು ಮೇಡಂ, ಆ ಕೊನೇ ಮಾತಿಗೆ ಒಂದು ಸೇರಿಸ್ತೀನಿ. 49ರಲ್ಲಿ ಸತ್ತವರಿಗೂ 3ರಲ್ಲಿ ಸತ್ತವರಿಗೂ ಮುಂದಿನ ಆಟದಲ್ಲಿ 51 ತಲುಪುವ ಸಾಧ್ಯತೆ ಒಂದೇ: 95%ನ ಆಟಗಾರನಿಗೆ ಸುಮಾರು 7%. ಹತ್ತಿರ ಬಂದದ್ದು ಯಾವ ಖಾತೆಗೂ ಜಮಾ ಆಗಲ್ಲ. ಒಂದು ಆಟದ ಒಳಗೂ ಹಾಗೇ. 49 ದಾಟಿ ನಿಂತವರ ಮುಂದೆ ಸರಾಸರಿ ಇರೋದು ಇನ್ನೂ 19 ಪೈಪೇ, ಈಗಷ್ಟೇ ಶುರುಮಾಡಿದವರಿಗೂ 19.

"ಜಾಹೀರಾತು ನೋಡಿ ಮುಂದುವರಿಸಿ" ಅಂತ ಗುಂಡಿ ಬರುತ್ತಲ್ಲ, ಅದರ ಬೆಲೆ ಇದರಿಂದ ಹಾಕಬಹುದು. ಪೈಪಿಗೆ ಒಂದೂವರೆ ಸೆಕೆಂಡ್ ಹಿಡಿದರೆ ಒಂದು ಆಟಕ್ಕೆ ಸರಾಸರಿ 30 ಸೆಕೆಂಡ್. ಜಾಹೀರಾತು 30 ಸೆಕೆಂಡಿನದಾದರೆ ನೋಡಿದ್ದಕ್ಕೂ ಸಿಕ್ಕಿದ್ದಕ್ಕೂ ಸರಿಸಮ.

ಬೆರಳತುದಿ

ಫೋನಿನ ಪಾತ್ರ ಎಷ್ಟು? 120 ಹರ್ಟ್ಸ್ ಪರದೆ, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವಂಥದ್ದು, ಇದ್ದರೆ ಸ್ಕೋರು ಏರುತ್ತೆ ಅಂತ ಎಲ್ಲಾ ಕಡೆ ಹೇಳ್ತಾರೆ.

ಫ್ರೇಮ್‌ಗಾರ

ಏರುತ್ತೆ, ಚಿಟಿಕೆಯಷ್ಟು. 60 ಹರ್ಟ್ಸಲ್ಲಿ ಒಂದು ಫ್ರೇಮು 16.7 ಮಿಲಿಸೆಕೆಂಡ್, 120ರಲ್ಲಿ 8.3. ತಟ್ಟಿದ್ದು ಮುಂದಿನ ಫ್ರೇಮಿನವರೆಗೆ ಕಾಯೋದರಿಂದ ಸ್ವಲ್ಪ ಚೆದುರು ಸೇರುತ್ತೆ: 60ರಲ್ಲಿ 4.8 ಮಿಲಿಸೆಕೆಂಡ್, 120ರಲ್ಲಿ 2.4. ಆದರೆ ಚೆದುರುಗಳು ನೇರವಾಗಿ ಕೂಡಲ್ಲ, ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆಯಬೇಕು. ಬೆರಳಿನ 25ರ ಜೊತೆ ಸೇರಿಸಿದರೆ 25.5 ಮತ್ತು 25.1. ಮೇಲಿನ ಮಾದರಿಯಲ್ಲಿ ಸರಾಸರಿ ಸ್ಕೋರು 19ರಿಂದ 20ಕ್ಕೆ. ಅಷ್ಟಕ್ಕಾಗಿ ಹೊಸ ಫೋನ್ ಬೇಡ.

ನಿಜವಾದ ಖಳನಾಯಕ ಬೇರೆ. ಬೆರಳು ತಾಗಿದಾಗಿಂದ ಪರದೆ ಬದಲಾಗುವವರೆಗೆ ಅನೇಕ ಫೋನುಗಳಲ್ಲಿ 50ರಿಂದ 100 ಮಿಲಿಸೆಕೆಂಡ್ ಹಿಡಿಯುತ್ತೆ. ಈ ವಿಳಂಬ ಒಂದೇ ಸಮ ಇದ್ದರೆ ತೊಂದರೆ ಇಲ್ಲ, ಹತ್ತಾರು ಆಟದಲ್ಲಿ ಮಿದುಳು ಅಷ್ಟು ಮುಂಚೆ ತಟ್ಟೋದನ್ನು ಕಲಿಯುತ್ತೆ. ಒಮ್ಮೆಲೇ 20 ಮಿಲಿಸೆಕೆಂಡ್ ಬದಲಾಯಿತೋ, ಸರಾಸರಿ 21ರಿಂದ 7ಕ್ಕೆ ಕುಸಿಯುತ್ತೆ. ಹಾಗೆ ಬದಲಾಗೋದು ಯಾವಾಗ ಅಂದರೆ: ಬ್ಯಾಟರಿ ಉಳಿಸುವ ಮೋಡಿಗೆ ಹೋಗಿ ಫೋನ್ ತಾನೇ ಫ್ರೇಮ್ ದರ ಇಳಿಸಿದಾಗ, ಬಿಸಿಯಾಗಿ ಪ್ರೊಸೆಸರ್ ನಿಧಾನ ಮಾಡಿದಾಗ, ಪರದೆ ರೆಕಾರ್ಡಿಂಗ್ ಹಾಕಿದಾಗ, ಹಿನ್ನೆಲೆಯಲ್ಲಿ ಆಪ್‌ಗಳು ಅಪ್‌ಡೇಟ್ ಆಗುವಾಗ. ತಾಳಕ್ಕೆ ತಟ್ಟುವ ಗೇಮಾದರೆ ಬ್ಲೂಟೂತ್ ಇಯರ್‌ಫೋನ್ ತೆಗೆದು ವೈರಿನದ್ದು ಹಾಕಿ. ಬ್ಲೂಟೂತಲ್ಲಿ ಸದ್ದು ಬರೋದೇ 100ರಿಂದ 300 ಮಿಲಿಸೆಕೆಂಡ್ ತಡ. ಕೆಲವು ಗೇಮುಗಳ ಸೆಟ್ಟಿಂಗಲ್ಲಿ ಸದ್ದಿನ ತಡವನ್ನು ಸರಿದೂಗಿಸುವ ಆಡಿಯೋ ಆಫ್‌ಸೆಟ್ ಅಂತ ಇರುತ್ತೆ, ವೈರ್‌ಲೆಸ್ ಬಿಡೋಕೆ ಮನಸ್ಸಿಲ್ಲದವರು ಅದನ್ನು ಹೊಂದಿಸಿಕೊಳ್ಳಬೇಕು.

ಒದ್ದೆ ಬೆರಳು ಅಂತೂ ಬೇಡವೇ ಬೇಡ. ಹನಿಯೂ ಸ್ಪರ್ಶವೇ ಅಂತ ಪರದೆ ತಿಳಿಯುತ್ತೆ.

ಮೂರನೇಕಣ್ಣು

ಇಂಥದೊಂದು ಗೇಮು ಬರೆಯೋಕೆ ಹೊರಟವರು ಎಡವೋದು ಎಲ್ಲಿ? ಆಡೋಕೆ "ಒರಟು" ಅನ್ನಿಸುವ ಗೇಮಿಗೂ ಕೈಗೆ ಅಂಟಿಕೊಳ್ಳುವ ಗೇಮಿಗೂ ವ್ಯತ್ಯಾಸ ಏನು?

ಫ್ರೇಮ್‌ಗಾರ

ನಾಲ್ಕು ಜಾಗ.

ಬೆರಳು ತಾಗಿದ ಕ್ಷಣಕ್ಕೇ ಜಿಗಿಯಬೇಕು, ಎತ್ತಿದಾಗ ಅಲ್ಲ. ಸಿದ್ಧ ಬಟನ್ನಿನ ಕ್ಲಿಕ್ ಘಟನೆಗೆ ಜೋಡಿಸಿಬಿಟ್ಟರೆ ಬೆರಳು ಎತ್ತೋವರೆಗೆ ಏನೂ ಆಗಲ್ಲ, ಹತ್ತಾರು ಮಿಲಿಸೆಕೆಂಡ್ ಸುಮ್ಮನೆ ಹೋಯ್ತು. ಬ್ರೌಸರ್ ಗೇಮಾದರೆ ಪುಟದ ವ್ಯೂಪೋರ್ಟ್ (ಪುಟ ಕಾಣಿಸುವ ಚೌಕಟ್ಟು) ಅಗಲವನ್ನು ಸಾಧನದ ಅಗಲಕ್ಕೆ ಕಟ್ಟಿ. ಇಲ್ಲದಿದ್ದರೆ ಎರಡು ಸಲ ತಟ್ಟಿ ಹಿಗ್ಗಿಸ್ತಾರೇನೋ ಅಂತ ಕೆಲವು ಬ್ರೌಸರುಗಳು 300 ಮಿಲಿಸೆಕೆಂಡ್ ಕಾಯುತ್ತವೆ.

ಗುರುತ್ವವನ್ನು "ಪ್ರತಿ ಫ್ರೇಮಿಗೆ 0.6" ಅಂತ ಬರೆದರೆ 120 ಹರ್ಟ್ಸ್ ಫೋನಲ್ಲಿ ಇಡೀ ಆಟ ಎರಡು ಪಟ್ಟು ವೇಗದಲ್ಲಿ ಓಡುತ್ತೆ. ಭೌತಲೆಕ್ಕವನ್ನು ಸ್ಥಿರ ಹೆಜ್ಜೆಯಲ್ಲಿ, ಸೆಕೆಂಡಿಗೆ 60 ಸಲ, ಪ್ರತ್ಯೇಕವಾಗಿ ಓಡಿಸಿ. ಕಳೆದ ಸಮಯವನ್ನು ಕೂಡಿಡುತ್ತಾ 16.7 ಮಿಲಿಸೆಕೆಂಡ್ ತುಂಬಿದಾಗಲೆಲ್ಲ ಒಂದು ಹೆಜ್ಜೆ. ಚಿತ್ರ ಬಿಡಿಸೋದು ಪರದೆಯ ವೇಗಕ್ಕೆ.

ಡಿಕ್ಕಿಯ ಗಡಿ ಕಾಣುವ ಚಿತ್ರಕ್ಕಿಂತ ಚಿಕ್ಕದಿರಲಿ. ಚಿತ್ರದ ಸುತ್ತ ಒಂದೇ ದೊಡ್ಡ ಚೌಕ ಹಾಕಿದರೆ ಮೂಲೆಯ ಖಾಲಿ ಜಾಗ ತಾಗಿದ್ದಕ್ಕೂ ಸಾಯಿಸುತ್ತೆ, ಆಡುವವರು "ಮೋಸ" ಅಂತ ಅಳಿಸಿಹಾಕ್ತಾರೆ. ಹಗಲುಗನಸು ಹೇಳಿದ "ನನ್ನದೇ ತಪ್ಪು" ಅನ್ನೋ ಭಾವನೆ ಇಲ್ಲೇ ಮುರಿಯೋದು. ಕ್ರೋಮಿನ ಡೈನೋ ಓಡುವಾಗ ಅದರ ಮೈ ಒಂದು ಚೌಕ ಅಲ್ಲ, ಆರು ಪುಟ್ಟ ಆಯತ. ತಲೆಗೊಂದು, ಬೆನ್ನಿಗೊಂದು, ಹೀಗೆ.

ಕೊನೆಯದು ಮರುಶುರು. ಸತ್ತ ಮೇಲೆ ಒಂದು ಸೆಕೆಂಡಿನೊಳಗೆ ಮತ್ತೆ ಆಟ, ನಡುವೆ ಮೆನು ಬೇಡ. ಹಾಗಂತ ತತ್‌ಕ್ಷಣವೂ ಬೇಡ: ಗಾಬರಿಯಲ್ಲಿ ಇನ್ನೊಂದು ಸಲ ತಟ್ಟಿದವರಿಗೆ ತಾವು ಸತ್ತ ಜಾಗವೇ ಕಾಣದೆ ಹೊಸ ಆಟ ಶುರುವಾಗಿಬಿಡುತ್ತೆ. ಡೈನೋದ ಹಳೇ ಕೋಡಿನಲ್ಲಿ ಜಿಗಿತದ ಕೀ ಒತ್ತಿದರೂ 750 ಮಿಲಿಸೆಕೆಂಡ್ ಆಗೋವರೆಗೆ ಹೊಸ ಆಟ ಕೊಡುತ್ತಿರಲಿಲ್ಲ. ತಪ್ಪು ಕಣ್ಣಿಗೆ ಬೀಳೋಕೆ ಸಾಕು, ಬೇಸರಕ್ಕೆ ಸಾಲದು.

ತಟ್ಟಿನೋಡು

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದರೆ ಜಾಹೀರಾತು ಬರಲ್ಲ, ಆರಾಮ.

ಹಗಲುಗನಸು

ಕಿರಿಕಿರಿ ತಪ್ಪುತ್ತೆ, ಆದರೆ ಆಡೋ ಹೊತ್ತು ಕಮ್ಮಿ ಆಗುತ್ತೆ ಅಂದ್ಕೋಬೇಡಿ. ಈ ಗೇಮುಗಳಲ್ಲಿ ಸಹಜ ನಿಲುಗಡೆ ಅಂತ ಇರೋದೇ ಇಲ್ಲ, ಅಧ್ಯಾಯ ಮುಗಿಯಲ್ಲ, ಪಂದ್ಯ ಮುಗಿಯಲ್ಲ. ನಾಲ್ಕೈದು ಆಟಕ್ಕೊಮ್ಮೆ ಬರುವ ಆ ದರಿದ್ರ ಜಾಹೀರಾತೇ ಒಂದು ನಿಲುಗಡೆ. ಬಹಳ ಜನ ಫೋನ್ ಕೆಳಗಿಡೋದು ಅದು ಬಂದಾಗಲೇ. ಹಣ ಕೊಟ್ಟು ಜಾಹೀರಾತು ತೆಗೆಸೋ ಮುಂಚೆ ಇದನ್ನು ಯೋಚಿಸಿ.

ಮತ್ತೆ, ಇದೆಲ್ಲ "ಕಾಯಿಲೆ" ಅಂತ ಹಣೆಪಟ್ಟಿ ಹಚ್ಚೋ ಮುಂಚೆ: ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಡಿಸಾರ್ಡರಿಗೆ ಮೂರು ಲಕ್ಷಣ ಕೊಟ್ಟಿದ್ದಾರೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬೇರೆಲ್ಲ ಕೆಲಸಕ್ಕಿಂತ ಆಟವೇ ಮುಂದಾಗಿರಬೇಕು, ಕೆಡುಕಾಗುತ್ತಿದ್ದರೂ ಬಿಡದಿರಬೇಕು. ಬದುಕಿಗೆ ಗಣನೀಯ ಪೆಟ್ಟು ಬಿದ್ದಿರಬೇಕು, ಸಾಮಾನ್ಯವಾಗಿ 12 ತಿಂಗಳಾದರೂ ಹೀಗೇ ನಡೆದಿರಬೇಕು. ಒಂದು ಭಾನುವಾರ ಪೂರ್ತಿ ಹಕ್ಕಿ ಹಾರಿಸಿದ್ದು ಇದರಲ್ಲಿ ಬರಲ್ಲ.

ಬೆರಳತುದಿ

ಮೂರನೇ ಪ್ರಶ್ನೆ ಉಳೀತು. ನಿಲ್ಲಿಸೋದು.

ಎಣಿಕೆಮಣಿ

"ಬೆಸ್ಟ್ ಮುರಿದು ನಿಲ್ಲಿಸ್ತೀನಿ" ಅನ್ನೋ ನಿಯಮ ಮಾಡ್ಕೋಬೇಡಿ. 95%ನ ಆಟಗಾರನ ಬೆಸ್ಟ್ 100 ಇದ್ದರೆ ಅದನ್ನು ಮುರಿಯೋಕೆ ಸರಾಸರಿ 178 ಆಟ ಬೇಕು. ಆಟಕ್ಕೆ 30 ಸೆಕೆಂಡಂತೆ ಹತ್ತಿರ ಹತ್ತಿರ ಒಂದೂವರೆ ಗಂಟೆ. ಅರ್ಧ ಗಂಟೆ ಆಡಿ ಮುರಿಯದಿದ್ದರೆ ಉಳಿದದ್ದು ಒಂದು ಗಂಟೆ ಅಲ್ಲ, ಮತ್ತೆ ಒಂದೂವರೆ ಗಂಟೆಯೇ. ಆಟದ ಸಂಖ್ಯೆ ಮೊದಲೇ ಗೊತ್ತುಮಾಡಿ. ಹತ್ತು ಆಟ ಅಂದರೆ ಸುಮಾರು ಐದು ನಿಮಿಷ, ಹತ್ತನೆಯದು 2ರಲ್ಲಿ ಸತ್ತರೂ ಮುಗೀತು.

ಹಗಲುಗನಸು

ಅದರ ಜೊತೆಗೆ ಫೋನಿನದೇ ಬೇಲಿ. ಆಂಡ್ರಾಯ್ಡಿನ ಡಿಜಿಟಲ್ ವೆಲ್‌ಬೀಯಿಂಗಿನಲ್ಲಿ ಆಪ್ ಟೈಮರ್ ಇಟ್ಟರೆ ಸಮಯ ಮುಗಿದ ಮೇಲೆ ಐಕಾನ್ ಬೂದು ಬಣ್ಣಕ್ಕೆ ತಿರುಗಿ ಆಪ್ ತೆರೆಯಲ್ಲ, ಮಧ್ಯರಾತ್ರಿಗೆ ಲೆಕ್ಕ ಮತ್ತೆ ಸೊನ್ನೆಯಿಂದ. ರಾತ್ರಿ 12ರ ನಂತರವೇ ಆಡುವವರಿಗೆ ಇದೊಂದು ದೊಡ್ಡ ತೂತು, ಅವರು ಬೆಡ್‌ಟೈಮ್ ಮೋಡನ್ನೂ ಸೇರಿಸಿ ಪರದೆ ಕಪ್ಪುಬಿಳುಪಾಗುವ ಹಾಗೆ ಇಡಲಿ. ಐಫೋನಿನ ಸ್ಕ್ರೀನ್ ಟೈಮಲ್ಲಿ ಪಾಸ್‌ಕೋಡ್ ಇಡದಿದ್ದರೆ ಮಿತಿಯನ್ನು ಒಂದೆರಡು ತಟ್ಟಿಗೆ ದಾಟಬಹುದು. ಪಾಸ್‌ಕೋಡ್ ಬೇರೆಯವರ ಕೈಲಿ ಹಾಕಿಸಿದರೆ ಉತ್ತಮ. ಆಗಲೂ "ಇನ್ನೊಂದು ನಿಮಿಷ" ಅಂತ ಕೇಳೋಕೆ ಅವಕಾಶ ಇದೆ. ಈ ಜಾತಿಯ ಗೇಮಿಗೆ ಒಂದು ನಿಮಿಷ ಅಂದರೆ ಎರಡು ಆಟ!

ಮೂರನೇಕಣ್ಣು

ಎಣಿಕೆಮಣಿಯವರೇ, ನಿಮ್ಮ ಲೆಕ್ಕವೆಲ್ಲ ಸಾಧ್ಯತೆ ಬದಲಾಗಲ್ಲ ಅನ್ನೋದರ ಮೇಲೆ ನಿಂತಿದೆ. ವೇಗ ಏರುವ ಗೇಮಿಗೆ?

ಎಣಿಕೆಮಣಿ

ಅಲ್ಲಿ ಬಾಲ, ಅಂದರೆ ಅಪರೂಪಕ್ಕೆ ಬರುವ ಭಾರೀ ಸ್ಕೋರುಗಳು, ಮೊಟಕಾಗುತ್ತೆ. ವೇಗ ಏರಿದಂತೆ ಪ್ರತಿ ಅಡ್ಡಿಯ ಸಾಧ್ಯತೆ ಇಳಿಯೋದರಿಂದ ಸ್ಕೋರುಗಳು ಒಂದು ಮಿತಿಯ ಆಸುಪಾಸಲ್ಲೇ ಗುಂಪಾಗುತ್ತವೆ, ಬೆಸ್ಟ್ ಅಷ್ಟು ಸುಲಭವಾಗಿ ಏರಲ್ಲ. ಹಲಗೆ ಮೇಲೆ ಹಲಗೆ ಪೇರಿಸುವ ಸ್ಟ್ಯಾಕ್ ಥರದ ಗೇಮು ಇನ್ನೂ ಬೇರೆ: ಹಲಗೆ ಸರಿಯಾಗಿ ಕೂರದಿದ್ದರೆ ಹೊರಚಾಚಿದ ಭಾಗ ಕತ್ತರಿಸಿಹೋಗುತ್ತೆ, ಮುಂದಿನ ಹಲಗೆ ಅಷ್ಟು ಕಿರಿದು. ಹಳೇ ತಪ್ಪು ಹೊಸ ಸಾಧ್ಯತೆಯನ್ನು ಕಡಿಯುತ್ತೆ.

ಇಂಥವುಗಳಲ್ಲಿ ಒಟ್ಟು ಮೊತ್ತ ಹಾಕಿ ಭಾಗಿಸಬೇಡಿ, 20 ಆಟದ ಮಧ್ಯಾಂಕ ನೋಡಿ. ಸ್ಕೋರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಹತ್ತನೆಯದು ಮತ್ತು ಹನ್ನೊಂದನೆಯದರ ಸರಾಸರಿ. ಡೈನೋಗೆ ಮಾತ್ರ ಎರಡು ಭಾಗ ಮಾಡಿ: ವೇಗ ಗರಿಷ್ಠಕ್ಕೆ ಮುಟ್ಟುವ ಮೊದಲ ಎರಡು ನಿಮಿಷಕ್ಕೆ ಮಧ್ಯಾಂಕ, ಅದನ್ನು ದಾಟಿ ಬದುಕಿದ ಆಟಗಳಿಗೆ ಮೇಲೆ ಬರೆದ ಭಾಗಾಕಾರವೇ ಸಾಕು.